ಎರಡು ಸೆಕೆಂಡಿನ ಸಂಶಯ

"ಬೆಳಿಗ್ಗೆ ನಾನು ಓಡಿಸಿದರೆ ಐವತ್ತೆಂಟು ಸೆಕೆಂಡ್. ಸಂಜೆ ನೀವು ಓಡಿಸಿದರೆ ಐವತ್ತಾರು. ಪ್ರೋಗ್ರಾಂ ಅದೇ ಅಲ್ವಾ ಮೇಡಂ?"

ವಿಠಲ ಕೇಳಿದ್ದು ಇಷ್ಟೇ. ಸುಭಾಷಿಣಿಗೆ ಮೈಯೆಲ್ಲ ಉರಿಯಿತು.

"ಎಂತ, ನಾನು ಅಂಕಿ ತಿದ್ದಿದ್ದೇನೆ ಅಂತಲಾ?"

"ಹಾಗೆ ಹೇಳಿದೆನಾ ಮಾರಾಯ್ರೆ?"

"ಹೇಳಬೇಕಾ? ನಿಮ್ಮ ಕಣ್ಣೇ ಹೇಳ್ತದೆ."

ಆ ಕಣ್ಣುಗಳು ಥಟ್ಟನೆ ಕೆಳಗಾದವು. ಹಾಳಾದವು, ನೋಡಲು ಚೆಂದ ಬೇರೆ.

೧೯೮೩ರ ಮಾರ್ಚ್. ಮಣಿಪಾಲದ ಆ ಕಾಲೇಜಿನ ಕಂಪ್ಯೂಟರಿನ ಒಳಗೆ ಕೂರಿಸಲು ಹೊಸ ಸರ್ಕ್ಯೂಟ್ ಬೋರ್ಡೊಂದು ಬಂದಿತ್ತು. ಉದ್ದದ ಪಟ್ಟಿಯಲ್ಲಿ ಬೇಕಾದ ಹೆಸರು ಹುಡುಕಲು ಇನ್ನು ಒಂದೇ ಇನ್‌ಸ್ಟ್ರಕ್ಷನ್ ಸಾಕು, ಉಳಿದದ್ದನ್ನು ಬೋರ್ಡೇ ನೋಡಿಕೊಳ್ಳುತ್ತದೆ. ಹಟ ಹಿಡಿದು ಅದನ್ನು ತರಿಸಿದವನು ಮೆಷಿನ್ ನೋಡಿಕೊಳ್ಳುವ ಕಾರ್ಕಳದ ವಿಠಲ. ಇಡೀ ಪಟ್ಟಿ ಹುಡುಕಲು ಬೋರ್ಡಿಗೆ ಅರವತ್ತು ಸೆಕೆಂಡ್ ಬೇಕಿತ್ತು. ಕಟಪಾಡಿಯಿಂದ ಬರುವ ಹೊಸ ಲೆಕ್ಚರರ್ ಸುಭಾಷಿಣಿ, ಹಳೆಯ ಸಣ್ಣಪುಟ್ಟ ಇನ್‌ಸ್ಟ್ರಕ್ಷನ್‌ಗಳಲ್ಲೇ ಮತ್ತೆ ಮತ್ತೆ ಸುತ್ತಿ ಅದೇ ಕೆಲಸ ಮಾಡುವ ಎಂಟು ಸಾಲಿನ ಲೂಪ್ ಕೈಯಾರೆ ಬರೆದು ಬೋರ್ಡನ್ನು ಹಿಂದೆ ಹಾಕಿದ್ದಳು.

ಒಂದು ಲೂಪಿಗೆ ಎರಡು ಅಂಕಿ ಬಂದದ್ದು ವಿಭಾಗದ ಹೆಡ್ ಜನಾರ್ದನ ರಾಯರ ಕಿವಿಗೆ ಬಿತ್ತು. "ಶನಿವಾರದೊಳಗೆ ಯಾರದ್ದು ಸುಳ್ಳು ಅಂತ ಗೊತ್ತಾಗಬೇಕು. ಅವರಿಗೆ ಈ ಕೋಣೆಯ ಬಾಗಿಲು ಬಂದ್," ಎಂದು ಖಡಾಖಂಡಿತವಾಗಿ ಹೇಳಿಬಿಟ್ಟರು.

ಬೋರ್ಡಿನ ಮರ್ಯಾದೆ ಉಳಿಸಲು ಬೆಳಿಗ್ಗೆ ಇವನೇ ಏನೋ ಕೈಚಳಕ ಮಾಡುತ್ತಾನೆ ಎಂದು ಸುಭಾಷಿಣಿಗೆ ಖಾತ್ರಿಯಾಯಿತು. ಅದಕ್ಕೆ ಸರಿಯಾಗಿ, ಅವಳು ಸಂಜೆ ಒಳಗೆ ಬಂದ ಕೂಡಲೇ ಅವನು ಪ್ರಿಂಟರ್ ಪಕ್ಕ ನಿಂತು ಡೈರಿಯಲ್ಲಿ ಏನೋ ಗೀಚಿ ಕಿಸೆಗೆ ತುರುಕುತ್ತಿದ್ದ. ತನ್ನ ಮೇಲೆ ದೂರು ಸಿದ್ಧವಾಗುತ್ತಿದೆ. ಇಂಥವನ ಶರ್ಟಿನ ಬಣ್ಣ ತನಗೆ ದಿನಾ ಯಾಕೆ ನೆನಪಿರುತ್ತದೋ!

ಶುಕ್ರವಾರ ಅವಳು ಕೈ ಚಾಚಿದಳು. "ಕೊಡಿ ಆ ಡೈರಿ."

ಅವನು ಕೊಟ್ಟ. ಕಿವಿ ಕೆಂಪಾಗಿತ್ತು.

ಪುಟದ ತುಂಬ ಎರಡೆರಡು ಸಮಯ. ಒಂದು ಅವನ ವಾಚಿನದು, ಇನ್ನೊಂದು ಮೆಷಿನ್ನಿನದು. ಮಧ್ಯಾಹ್ನ ಎರಡೂ ಒಂದೇ. ಸಂಜೆಗೆ ಮೆಷಿನ್ ಹಿಂದೆ ಬಿದ್ದಿತ್ತು.

"ದಿನಾ ಬೆಳಿಗ್ಗೆ ನಾನು ಸರಿಮಾಡಿ ಇಟ್ಟರೂ ಮೆಷಿನ್ನಿನ ಗಡಿಯಾರ ಕರೆಂಟಿನ ಮಿಡಿತ ಎಣಿಸಿಕೊಂಡು ನಡೆಯುವುದು," ಎಂದ ವಿಠಲ. "ಸಂಜೆ ಊರಿಡೀ ಲೈಟು, ಪಂಪು ಹಾಕುವಾಗ ಆ ಮಿಡಿತ ನಿಧಾನ ಆಗ್ತದೆ, ಗಡಿಯಾರವೂ ನಿಧಾನ. ಐವತ್ತೆಂಟು ಸೆಕೆಂಡ್ ಕಳೆದರೂ ಐವತ್ತಾರೇ ಅಂತ ಎಣಿಸ್ತದೆ. ನೀವೂ ಸುಳ್ಳು ಬರೆದಿಲ್ಲ, ನಾನೂ ಬರೆದಿಲ್ಲ."

ಅವನ ಎಚ್‌ಎಂಟಿ ವಾಚು ನೋಡಿಕೊಂಡೇ ಬೋರ್ಡು, ಲೂಪು ಎರಡನ್ನೂ ಓಡಿಸಿದರು. ಸೆಕೆಂಡಿನ ಮುಳ್ಳು ಕಾಣಲೆಂದು ಅವಳು ಅವನ ಮಣಿಕಟ್ಟು ಹಿಡಿದುಕೊಳ್ಳಬೇಕಾಯಿತು. ಬೋರ್ಡಿಗೆ ಅರವತ್ತು, ಲೂಪಿಗೆ ಐವತ್ತೆಂಟು. ರಾಯರಿಗೆ ಕೊಡುವ ಹಾಳೆಯ ಮೇಲೆ ಸೋತವನೇ ಮೊದಲು ಸಹಿ ಹಾಕಿದ.

ತಾನು ಅಷ್ಟು ದಿನ ಏನೆಲ್ಲ ಅಂದುಕೊಂಡೆನಲ್ಲ ಎಂದು ಸುಭಾಷಿಣಿಗೆ ನಾಚಿಕೆಯಾಯಿತು. "ನನ್ನ ಮೇಲೆ ಸಂಶಯಪಡುವುದು ಸುಲಭ ಇತ್ತು. ಗಡಿಯಾರದ ಮೇಲೆ ಹೇಗೆ ಬಂತು?"

"ನೀವು ದಿನಾ ಸರಿಯಾಗಿ ಆರಕ್ಕೆ ಬರ್ತೀರಿ. ನೀವು ಕೆಲಸ ಶುರು ಮಾಡಿದ ಸಮಯ ಮೆಷಿನ್ ಮಾತ್ರ ಪ್ರಿಂಟರಿನಲ್ಲಿ ಐದು ಐವತ್ತಾರು ಅಂತ ಬರೆಯುವುದು."

"ಸರಿಯಾಗಿ ಆರಕ್ಕೇ ಅಂತ ನಿಮಗೆ ಹೇಗೆ ಗೊತ್ತು?"

ಅವನು ನೆಲ ನೋಡಿದ. "ನಾಲ್ಕರಿಂದ ವಾಚು ನೋಡ್ತಾ ಕೂತಿರ್ತೇನಲ್ಲ."

ಮಣಿಕಟ್ಟು ಇನ್ನೂ ಅವಳ ಕೈಯಲ್ಲೇ ಇತ್ತು. ಬಿಡಲು ಅವಳಿಗೆ ಮನಸ್ಸಾಗಲಿಲ್ಲ.

"ಹಾಗಾದರೆ ನಾಳೆ ಐದಕ್ಕೇ ಬರ್ತೇನೆ," ಎಂದಳು.