ಹುಲಿಗವಿಯ ಅಗುಳಿ

“ಕೀಲಿ ಕಳದೋಗ್ಯದ ಅಂದ್ರ ಬಾಗಲಾ ತೆಗಿಬಾರದೇನು?” ಎಂದು ಗುಂಡಮ್ಮ ಊರಕಟ್ಟೆಯಲ್ಲಿ ಕೇಳಿದಳು.

ಚಿಂಚೋಳಿಯ ಕಾಡಂಚಿನ ಹುಣಸಿಹಾಳಕ್ಕೆ ಬೇಸಿಗೆಯಲ್ಲಿ ನೀರೆಂದರೆ ಹುಲಿಗವಿಯ ಝರಿಯೊಂದೇ. ನಿಜಾಮರ ಕಾಲದಲ್ಲಿ ಜಾಗೀರದಾರ ಗವಿಯೊಳಗೆ ಕಬ್ಬಿಣದ ಬಾಗಿಲು ಜಡಿಸಿ, ಹಿಂದೆ ತುಂಬಿದ ನೀರನ್ನು ಕಾಲುವೆ ಕೊರೆಸಿ ತನ್ನ ಮಾವಿನ ತೋಟಕ್ಕೆ ತಿರುಗಿಸಿಕೊಂಡಿದ್ದ. ಈಗ ಜಾಗೀರು ಹೋಗಿತ್ತು, ಬಾಗಿಲು ಹೋಗಿರಲಿಲ್ಲ. ತಹಸೀಲ್ದಾರರು ತೆಗೆಯಿರಿ ಎಂದರು. ತೋಟದ ಕಾರಭಾರಿ ದೇವಿಂದ್ರಪ್ಪ ಕೀಲಿ ಕಳೆದಿದೆ ಎಂದು ನಕ್ಕ. ಬಾಗಿಲಿಗೆ ಅಡ್ಡ ಬಿದ್ದಿದ್ದ ರಟ್ಟೆಗಾತ್ರದ ಅಗುಳಿಗೆ ಕಮ್ಮಾರರ ಉಳಿಗಳೇ ಮುರಿದವು. ಮದ್ದಿಟ್ಟು ಸಿಡಿಸಿದರೆ ಗವಿ ಕುಸಿದು ಝರಿಯೇ ಮುಚ್ಚೀತೆಂಬ ಭಯ.

“ಸಿಡಿಸೋದು ಬ್ಯಾಡ, ಕರಗಿಸಮಿ,” ಎಂದ ಗುಂಡಮ್ಮನ ಅಣ್ಣ ಗೊಲ್ಲಾಳಪ್ಪ. ಶಹಾಬಾದದ ಕಲ್ಲಿನ ಗಣಿಯಲ್ಲಿ ಹಾರೆ ಹಿಡಿದು ಪಳಗಿದವನು. ಅವನೇ ವಾಡಿಯಿಂದ ಬಂದೇಅಲಿಯನ್ನು ಕರೆತಂದ. ಬಂದೇಅಲಿಗೆ ರೈಲು ಹಳಿ ಬೆಸೆಯುವ ಕೆಲಸ. ಸಾಹೇಬರನ್ನು ಕೇಳಿ ಎರಡು ಡಬ್ಬಿ ಪುಡಿ ತಂದಿದ್ದ.

“ಅಲ್ಯುಮಿನಿಯಂ ಪುಡಿ, ಕಬ್ಬಿಣದ ತುಕ್ಕು, ಎರಡೂ ಕೂಡಿಸೀನಿ. ಬೆಂಕಿ ಹಚ್ಚಿದ್ರ ತುಕ್ಕಿನಾಗಿನ ಆಕ್ಸಿಜನ್ ಅಲ್ಯುಮಿನಿಯಂ ಕಸಗೋತದ. ಉಳಿಯೋದು ಬರೇ ಕಬ್ಬಿಣ, ನೀರಿನಂಗ ಹರಿಯೋ ಕಬ್ಬಿಣ. ಆದ್ರ ತೇವ ತಾಗಬಾರದು. ಕಾದದ್ದರ ಮ್ಯಾಲ ನೀರು ಬಿತ್ತಂದ್ರ ತೋಪು ಹಾರಿದಂಗ.”

“ಬಾಗಲಾ ತೆರೆದ್ರ ಬರೋದೇ ನೀರಲ್ಲ?” ಎಂದಳು ಗುಂಡಮ್ಮ.

“ಅದಕ್ಕೇ ಅಕ್ಕಾ, ಹಚ್ಚಬೇಕು, ಓಡಬೇಕು.”

ನೇರ ಹಾದಿಯಲ್ಲಿ ಕಾರಭಾರಿಯ ಆಳುಗಳು ಕೋಲು ಹಿಡಿದು ಕೂತಿದ್ದರು. ದನ ಕಾಯುತ್ತ ಗುಡ್ಡವನ್ನೆಲ್ಲ ತುಳಿದಿದ್ದ ಗುಂಡಮ್ಮ ಬೆಳಗಾಗುತ್ತಲೇ ಇಬ್ಬರನ್ನೂ ಹಿಂಬದಿಯಿಂದ ಹತ್ತಿಸಿದಳು. ಗೊಲ್ಲಾಳಪ್ಪ ಬೆನ್ನಿಗೆ ಹಾರೆ ಕಟ್ಟಿಕೊಂಡಿದ್ದ. ಹೊತ್ತೇರುವಷ್ಟರಲ್ಲಿ ಎಲೆ ಉದುರಿದ ತೇಗದ ಮರಗಳ ನಡುವೆ ಕೆಂಪು ನೆಲ ಹಂಚಿನಂತೆ ಕಾದಿತ್ತು. ಕೆಳಗೆ ಮುಲ್ಲಾಮಾರಿ ಹೊಳೆ ಬತ್ತಿ ಬರೀ ಮರಳಾಗಿ ಹರಡಿತ್ತು. ಬಿದಿರ ಮೆಳೆ ದಾಟಿದ ಮೇಲೆ ದಾರಿಯೇ ಇರಲಿಲ್ಲ; ಬಂಡೆಯ ಬಿರುಕಿಗೆ ಬೆರಳು ಸಿಕ್ಕಿಸಿಕೊಂಡು ಏರಬೇಕು.

ಅರ್ಧ ಬಂಡೆ ಏರಿದ್ದರು. ಗಾಳಿ ಎದ್ದಿತು. ದಪ್ಪ ಹನಿಗಳ ಅಕಾಲದ ಮಳೆ ರಪರಪನೆ ಬಿತ್ತು.

ಬಂದೇಅಲಿಯ ಕಾಲು ಜಾರಿತು. ಗೊಲ್ಲಾಳಪ್ಪ ಅವನ ಅಂಗಿ ಹಿಡಿದೆಳೆದ. ಒಂದು ಡಬ್ಬಿ ಬಂಡೆಗೆ ಬಡಿದು ಬಾಯ್ದೆರೆದು ಕಮರಿಗೆ ಉರುಳಿತು. ಇನ್ನೊಂದರ ಮೇಲೆ ಗುಂಡಮ್ಮ ಕಂಬಳಿ ಎಳೆದು, ಮಳೆಗೆ ಬೆನ್ನು ಕೊಟ್ಟು ಬಾಗಿ ನಿಂತಳು.

ಮಳೆ ನಿಂತಾಗ ಬಂದೇಅಲಿಯ ಪಾದ ಬಾತುಕೊಂಡಿತ್ತು. “ಒಂದೇ ಡಬ್ಬಿ ಉಳೀತು. ಹೊಳ್ಳಿ ಹೋಗಮೇನು?” ಎಂದ ಗೊಲ್ಲಾಳಪ್ಪ.

“ಹೊಳ್ಳಿ ಹೋದ್ರ ಅಂವ ಮತ್ತ ನಗ್ತಾನ,” ಎಂದಳು ಗುಂಡಮ್ಮ. “ನಡೀರಿ.”

ಗವಿಯೊಳಗೆ ಬಾವಲಿಗಳ ನಾತ. ಬಾಗಿಲಿನ ಹಿಂದೆ ನೀರು ಗುಮ್ಮೆನ್ನುತ್ತಿತ್ತು. ಸಂದಿಯಿಂದ ಜಿನುಗುತ್ತಿದ್ದ ನೀರಿಗೆ ಅವರು ಜೇಡಿಮಣ್ಣು ಮೆತ್ತಿದರು, ಗವಿಯ ಒಣ ಮೂಲೆಯಿಂದ ಮರಳು ತಂದು ಕೆಳಗೆ ಸುರಿದರು. ಅಗುಳಿಯ ಮೇಲೆ, ತಳದಲ್ಲಿ ತೂತಿದ್ದ ಮಣ್ಣಿನ ಮೂಸೆಯಿಟ್ಟು ಪುಡಿ ತುಂಬಿದ ಬಂದೇಅಲಿ, ಹೊತ್ತಿಸಲು ಮೆಗ್ನೀಸಿಯಂ ಪಟ್ಟಿಯೊಂದನ್ನು ಸಿಕ್ಕಿಸಿದ.

“ನನ್ನ ಕಾಲು ಓಡಂಗಿಲ್ಲ,” ಎಂದ.

“ನಾ ಹಚ್ತೀನಿ,” ಎಂದು ಗೊಲ್ಲಾಳಪ್ಪ ಮುಂದೆ ಬಂದ.

“ನೀ ಭಾರ ಇದ್ದಿ ಅಣ್ಣಾ. ಬಂಡೆಗಲ್ಲು ಏರೋದು ನನಗ ರೂಢಿ. ಭಾಯಿನ್ನ ಮ್ಯಾಲ ಒಯ್ಯಿ.”

ಇಬ್ಬರೂ ಗವಿಯೊಳಗೇ ಬಾಗಿಲ ನೆತ್ತಿಗಿದ್ದ ಬಂಡೆಯ ಚಾಚಿಗೆ ಸೇರಿದ ಮೇಲೆ ಅವಳು ಕಡ್ಡಿ ಗೀರಿದಳು.

ಪಟ್ಟಿ ಹೊತ್ತಿತು. ಕಣ್ಣು ಕುಕ್ಕುವ ಬಿಳಿ ಬೆಳಕು. ಗುಂಡಮ್ಮ ತಿರುಗಿ ನೋಡದೆ ಬಂಡೆಗೆ ಹಾರಿದಳು. ಬೆನ್ನು ಸುಡುತ್ತಿತ್ತು. ಬೆರಳು ಜಾರಿತು, ಮತ್ತೆ ಹಿಡಿದಳು. ಅಣ್ಣನ ಕೈ ಅವಳ ಮುಂಗೈಗೆ ಸಿಕ್ಕಿತು.

ಕೆಳಗೆ ಮೂಸೆ ಉರಿಯುವ ಸೂರ್ಯನಾಗಿತ್ತು. ಕರಗಿದ ಕಬ್ಬಿಣ ಅಗುಳಿಯ ಮೇಲೆ ಸುರಿದು, ಕೊರೆದು, ಮರಳಿಗೆ ತೊಟ್ಟಿಕ್ಕಿತು. ಅಗುಳಿ ಕೆಂಪಾಗಿ ಬಾಗಿತು. ಬಾಗಿಲು ಕಿರುಗುಟ್ಟಿತು.

ಆದರೆ ತೆರೆಯಲಿಲ್ಲ. ಅಗುಳಿ ಎಳೆಯಷ್ಟು ಉಳಿದು ನಿಂತಿತ್ತು.

“ತಣ್ಣಗಾದ್ರ ಮತ್ತ ಗಟ್ಟಿ ಆಗ್ತದ,” ಬಂದೇಅಲಿಯ ದನಿ ಕುಸಿಯಿತು.

“ಅಣ್ಣಾ, ಹಾರಿ ಕೊಡು,” ಎಂದಳು ಗುಂಡಮ್ಮ. ಚಾಚಿನ ಅಂಚಿನಲ್ಲಿದ್ದ ಗುಂಡುಕಲ್ಲಿನ ಅಡಿಗೆ ಹಾರೆ ತೂರಿಸಿ ಮೂವರೂ ಮೈಭಾರ ಬಿಟ್ಟರು. ಕಲ್ಲು ಅಲುಗಿತು, ಮಗುಚಿತು, ನೇರ ಅಗುಳಿಯ ಮೇಲೆ ಬಿತ್ತು.

ಫಟ್ಟೆಂದಿತು. ಬಾಗಿಲು ಹಾರಿತು. ನೀರು ಬೆಂಕಿಯ ಮೇಲೆ ಬಿದ್ದು ಸಿಡಿಲಿನ ಸದ್ದಾಯಿತು. ಬಿಸಿ ಉಗಿ ಗವಿ ತುಂಬಿತು. ಮೂವರೂ ಕಂಬಳಿಯಡಿ ಮುಖ ಮುಚ್ಚಿ ಬಿದ್ದುಕೊಂಡರು.

ಉಗಿ ತಿಳಿಯಾದಾಗ ಗವಿಯ ಬಾಯಿಂದ ನೀರು ಊರ ಕಡೆಯ ಹಳೆಯ ಹಳ್ಳದ ದಾರಿ ಹಿಡಿದು ಧುಮುಕುತ್ತಿತ್ತು. ಬಂದೇಅಲಿಯನ್ನು ನಡುವೆ ಹಿಡಿದು, ಬೊಬ್ಬೆಯೆದ್ದ ಕೈಗಳಲ್ಲಿ ಅವರು ಈ ಸಲ ನೇರ ಹಾದಿಯಲ್ಲೇ ಇಳಿದರು. ಆಳುಗಳು ಕೋಲು ಇಳಿಸಿ ದಾರಿ ಬಿಟ್ಟರು. ತೋಟದ ಬಳಿ ದೇವಿಂದ್ರಪ್ಪ ಅಡ್ಡ ನಿಂತ.

“ಯಾರ ಹುಕುಂ ಮ್ಯಾಲ ತೆಗೆದ್ರಿ?”

ಗುಂಡಮ್ಮ ನಿಲ್ಲಲಿಲ್ಲ.

“ನೀರಿಗೆ ಕೇಳ್ರಿ,” ಎಂದಳು. “ನಮಗಿಂತ ಮುಂದ ಹೋಗ್ಯದ.”