ಕೊಳೆತ ಕುಂಬಳಕಾಯಿ

ಹೆಂಡತಿಯ ಉಗುರಿನಡಿಯ ಕಪ್ಪು ಮಣ್ಣು ನೋಡಿ ಟೈಲರ್ ಮುಖ ಸಿಂಡರಿಸಿದ. ಎಪ್ಪತ್ತೆರಡರ ವಯಸ್ಸಿನಲ್ಲೂ ಇಸ್ತ್ರಿಯ ಗೀಟು ಮುರಿಯದ ಬಿಳಿ ಪ್ಯಾಂಟ್ ತೊಡುವ ಮನುಷ್ಯ ಆತ. ಬಸ್ಸಿನ ಕಂಬಿಯನ್ನೂ ಕರ್ಚೀಫಿನಲ್ಲೇ ಹಿಡಿಯುವವನು. ಅಂಥವನ ಹೆಂಡತಿ ಆರೈಕೆ ಮನೆಯ ತೋಟದಲ್ಲಿ, ಗೊಬ್ಬರದ ಗುಂಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಎರೆಹುಳುವನ್ನು ಅಂಗೈಯಲ್ಲಿಟ್ಟು ಮುದ್ದು ಮಾಡುತ್ತಿದ್ದಳು.

"ಸಿಸ್ಟರ್, ಇದೇನು ಹೇಸಿಗೆ!" ಎಂದು ಅಲ್ಲಿನ ನರ್ಸಿನ ಮೇಲೆ ರೇಗಿದ.

"ತೋಟದ ಹೊತ್ತು, ಅಂಕಲ್. ಮಣ್ಣು, ಎಲೆ, ವಾಸನೆ... ಇದರಿಂದ ಕೆಲವರಿಗೆ ಮರೆತಿದ್ದು ನೆನಪಾಗುತ್ತೆ. ಆಂಟಿ ಗಿಡಗಳ ನರ್ಸರಿ ನಡೆಸ್ತಿದ್ರಲ್ಲ?"

"ಏನು ನೆನಪಾಯ್ತು? ಮೊನ್ನೆ ಮಣ್ಣು ಬಾಯಿಗೆ ಹಾಕ್ಕೊಂಡಳಂತೆ!"

ಮರೆವಿನ ಕಾಯಿಲೆಯವರ ಆ ಮನೆಯಲ್ಲಿ ಗಂಡ ಬರೆದುಕೊಟ್ಟರೆ ಸಾಕು, ಹೆಂಡತಿಗೆ ತೋಟ ಬಂದ್. ಆಮೇಲೆ ಫಿನಾಯಿಲ್ ಹಾಕಿ ಒರೆಸಿದ ಮಹಡಿಯ ಕೋಣೆಯೇ ಗತಿ. ಆ ಪತ್ರ ಟೈಲರನ ಅಂಗಿಯ ಜೇಬಿನಲ್ಲಿತ್ತು, ಸಹಿಯೊಂದು ಬಾಕಿ.

ಮದುವೆಯಾದಂದಿನಿಂದ ಆಕೆ ಅವನನ್ನು 'ಕುಂಬಳ' ಎಂದೇ ಕರೆಯುತ್ತಿದ್ದಳು. ಯಾಕೆಂದು ಯಾರಾದರೂ ಕೇಳಿದರೆ ಟೈಲರ್ ಮಾತು ಮರೆಸುತ್ತಿದ್ದ. ಈಗ ಎರಡು ವರ್ಷದಿಂದ ಆ ಕರೆ ಇಲ್ಲ. ಗುಲಾಬಿ ತಂದು ಮೂಗಿಗೆ ಹಿಡಿದ, ಮಲ್ಲಿಗೆ ಮುಡಿಸಿದ. ಆಕೆಗೆ ಅವನೊಬ್ಬ ಬಸ್ ಕಂಡಕ್ಟರ್, ಅಷ್ಟೇ.

"ಏಳು, ಕೈ ತೊಳ್ಕೋ."

"ಕಂಡಕ್ಟರ್, ನನ್ನ ಸ್ಟಾಪ್ ಇನ್ನೂ ಬಂದಿಲ್ಲ."

ಸಿಟ್ಟು ನೆತ್ತಿಗೇರಿತು. ಆಕೆಯ ತೋಳು ಹಿಡಿದು ಎಬ್ಬಿಸಲು ಹೆಜ್ಜೆ ಮುಂದಿಟ್ಟ. ಒಣಗಿದ ಎಲೆಗಳ ಕೆಳಗೆ ನೆಲವೇ ಇರಲಿಲ್ಲ. ಎಡಗಾಲು ಪಚಕ್ಕನೆ ಮೊಣಕಾಲವರೆಗೆ ಇಳಿಯಿತು. ಕೊಳೆತ ತರಕಾರಿ, ಲೋಳೆ, ಬಿಳಿ ಬಿಳಿ ಹುಳು. ಗಬ್ಬು ನಾತ ಮೂಗಿಗೆ ರಪ್ಪನೆ ಹೊಡೆಯಿತು. ಸಾಕ್ಸಿನೊಳಗೆ ಏನೋ ಮಿಸುಕಾಡಿತು. ವಾಂತಿ ಒತ್ತರಿಸಿ ಬಂದು ಬಾಯಿಗೆ ಕರ್ಚೀಫ್ ಅಡ್ಡ ಹಿಡಿದ.

"ಥೂ!"

ಅದು ಅವನ ಬಾಯಿಂದ ಬಂದದ್ದಲ್ಲ. ಆಕೆ ಮೂಗು ಹಿಡಿದುಕೊಂಡು, ಹುಬ್ಬು ಮೇಲೆತ್ತಿ, ಅವನನ್ನು ಕಾಲಿನಿಂದ ತಲೆಯವರೆಗೆ ನಿಧಾನವಾಗಿ ನೋಡುತ್ತಿದ್ದಳು. ಕಣ್ಣಂಚಿನಲ್ಲಿ ಹಳೆಯ ತುಂಟತನ.

"ಥೂ, ಕೊಳೆತ ಕುಂಬಳಕಾಯಿ! ಯೂನಿಫಾರ್ಮಿಗೆ ಅಳತೆ ತಗೊಳ್ತೀನಿ ಅಂತ ಬಂದು ಗುಂಡಿ ಅಳೀತಾ ಇದೀರಲ್ರೀ!"

ನಲವತ್ತಾರು ವರ್ಷದ ಹಿಂದೆ, ನರ್ಸರಿಯ ಕೆಲಸದವರ ಬಟ್ಟೆಗೆ ಅಳತೆ ತೆಗೆಯಲು ಹೋಗಿ ಅವನು ಗೊಬ್ಬರದ ಗುಂಡಿಗೆ ಕಾಲಿಟ್ಟಾಗ ಆಕೆ ಅಂದಿದ್ದು ಇದೇ ಮಾತು. ಆ ಅವಮಾನವನ್ನು ಆತ ಇಂದಿಗೂ ಯಾರಿಗೂ ಹೇಳಿರಲಿಲ್ಲ. ಟೈಲರ್ ಬಾಯಿಗೆ ಅಡ್ಡ ಹಿಡಿದಿದ್ದ ಕರ್ಚೀಫ್ ಇಳಿಸಿದ.

"ಗುಂಡಿ ಕಾಣಲಿಲ್ಲ ಕಣ್ರೀ."

"ಎಲ್ಲಿಂದ ಕಾಣುತ್ತೆ? ಕಣ್ಣು ನನ್ನ ಮೇಲಿತ್ತಲ್ಲ!"

"ಇತ್ತು. ಈಗಲೂ ಇದೆ."

ಆಕೆ ತುಟಿ ಕಚ್ಚಿ ನಗು ತಡೆದಳು. "ಮದುವೆ ಆಗಿದ್ಯಾ ನಿಮಗೆ?"

"ಇನ್ನೂ ಇಲ್ಲ," ಎಂದ ಟೈಲರ್. "ನೀವು ಹೂಂ ಅಂದ್ರೆ ಆಗ್ತೀನಿ."

ಆಕೆ ನಾಚಿ ಎರೆಹುಳುವನ್ನು ಮೆಲ್ಲಗೆ ಮಣ್ಣಿಗೆ ಬಿಟ್ಟಳು. "ಮೊದಲು ಕಾಲು ತೊಳ್ಕೊಂಡು ಬನ್ನಿ. ಆಮೇಲೆ ನೋಡೋಣ."

ಆತ ಓಡಿದ. ಮೂರು ಸಲ ಸೋಪು ಹಾಕಿ ತಿಕ್ಕಿ, ಸಿಸ್ಟರ್ ಕೊಟ್ಟ ಪೈಜಾಮ ತೊಟ್ಟು, ಘಮಘಮಿಸುತ್ತಾ ಬಂದು ನಿಂತ.

"ಕಂಡಕ್ಟರ್, ಬಸ್ ಯಾಕೆ ನಿಂತಿದೆ?" ಎಂದಳು ಆಕೆ.

ಟೈಲರ್ ಅಂಗಿಯ ಜೇಬಿನ ಪತ್ರವನ್ನು ಹರಿದು ಗುಂಡಿಗೆ ಹಾಕಿದ.

"ಪ್ಯಾಂಟ್ ಕೊಡಿ ಅಂಕಲ್, ಒಗೆಯೋಕೆ ಹಾಕ್ತೀನಿ," ಎಂದಳು ಸಿಸ್ಟರ್.

"ಬೇಡಮ್ಮ, ಅದನ್ನ ಮುಟ್ಟಬೇಡ."

ಮರುದಿನ ಬಸ್ಸಿನಲ್ಲಿ ಅವನ ಪಕ್ಕದ ಸೀಟು ಖಾಲಿಯೇ ಉಳಿಯಿತು. ಜನ ಮೂಗು ಮುಚ್ಚಿಕೊಂಡು ದೂರ ಸರಿದರು. ಅವನಿಗೂ ಹೇಸಿಗೆಯೇ. ಆದರೂ ಒಣಗಿ ರಟ್ಟಿನಂತಾಗಿದ್ದ ಆ ಪ್ಯಾಂಟಿನಲ್ಲೇ ಆಕೆಯ ಮುಂದೆ ಹೋಗಿ ನಿಂತ.

"ಥೂ!" ಎಂದಳು ಆಕೆ. "ಮತ್ತೆ ಬಂತು ಕೊಳೆತ ಕುಂಬಳಕಾಯಿ! ಕಾಲು ತೊಳ್ಕೊಂಡು ಬನ್ನಿ ಅಂದಿರಲಿಲ್ವಾ?"

"ತೊಳೆಯಲ್ಲ ಕಣ್ರೀ. ಮೊದಲು ನೀವು ಹೂಂ ಅನ್ನಿ."

ಆಕೆ ಮೂಗು ಹಿಡಿದುಕೊಂಡೇ, "ಹೂಂ" ಎಂದಳು.