ಪ್ರೊಫೆಸರ್ ಕುವೊ ಅವರ ಹೆಸರಿನ ಮುದ್ರೆ

ಮಾರ್ಚ್ 10, ಸೋಮವಾರ, ಬೆಳಿಗ್ಗೆ 9.40ಕ್ಕೆ ಪ್ರೊಫೆಸರ್ ಕುವೊ ಮಿಂಗ್-ತೆ ತಾವೇ ಷಿಕಾಗೋ ಪಕ್ಕದ ಸ್ಕೋಕಿಯ ಪೊಲೀಸ್ ಠಾಣೆಗೆ ಬಂದು ದೂರು ಕೊಟ್ಟರು. ವಯಸ್ಸು ಎಪ್ಪತ್ತೊಂದು. ತೈವಾನಿನ ತೈನಾನ್‌ನಲ್ಲಿ ಹುಟ್ಟಿದವರು. ಮಿಷಿಗನ್‌ನಲ್ಲಿ ಪಿಎಚ್‌ಡಿ, ಆಬರ್ನ್ ಹಿಲ್ಸ್‌ನಲ್ಲಿ ಆರು ವರ್ಷ ಕಾರಿನ ಬ್ಯಾಟರಿಗಳ ಕೆಲಸ, ಆಮೇಲೆ ಷಿಕಾಗೋದ ವಿಶ್ವವಿದ್ಯಾಲಯವೊಂದರಲ್ಲಿ ಮೂವತ್ತು ವರ್ಷದ ಅಧ್ಯಾಪನ. ಈಗ ತೈಪೆಯ ಸರ್ಕಾರ ಅವರನ್ನು ಒಂದು ಸಂಶೋಧನಾ ಸಂಸ್ಥೆಯ ನಿರ್ದೇಶಕರಾಗಿ ಕರೆದಿತ್ತು.

ಕಳೆದದ್ದು ಅವರ ಹೆಸರು ಕೆತ್ತಿದ ಮುದ್ರೆ, ತೈವಾನಿನಲ್ಲಿ ಸಹಿಯ ಜಾಗದಲ್ಲಿ ಒತ್ತುವಂಥದ್ದು. ಕಿರುಬೆರಳುದ್ದದ ಹಸಿರು ಕಲ್ಲು. ತಂದೆ ಕೆತ್ತಿಸಿಕೊಟ್ಟದ್ದು.

ಡಿಟೆಕ್ಟಿವ್ ಮೇಧಾ ದೂರು ಬರೆದುಕೊಂಡಳು.

"ಕಡೆಯದಾಗಿ ನೋಡಿದ್ದು ಯಾವಾಗ?"

"ನಿನ್ನೆ ಮಧ್ಯಾಹ್ನ ಎರಡಕ್ಕೆ. ನನ್ನ ಲ್ಯಾಬಿನ ಮೂವರನ್ನು ಮನೆಗೆ ಊಟಕ್ಕೆ ಕರೆದಿದ್ದೆ. ಒಪ್ಪಿಗೆ ಪತ್ರಕ್ಕೆ ಇದನ್ನೇ ಒತ್ತುತ್ತೇನೆ ಅಂತ ತೋರಿಸಿದೆ."

"ಪತ್ರಕ್ಕೆ ಕಡೆಯ ದಿನ?"

"ಶುಕ್ರವಾರ. ತಪ್ಪಿದರೆ ನೇಮಕ ಮುಂದಿನ ತಿಂಗಳಿಗೆ ಹೋಗುತ್ತದೆ."

"ತಪ್ಪದಿದ್ದರೆ?"

"ಮಾರ್ಚ್ 31ಕ್ಕೆ ಲ್ಯಾಬ್ ಮುಚ್ಚುತ್ತೇನೆ. ಅಮೆರಿಕದ ಪೌರತ್ವವನ್ನೂ ಬಿಟ್ಟುಕೊಡಬೇಕು. ಅಲ್ಲಿನ ಸರ್ಕಾರಿ ಹುದ್ದೆಗೆ ಅದು ನಿಯಮ."

11.15ಕ್ಕೆ ಅವರ ಮನೆಯಲ್ಲಿ ಮಹಜರು ನಡೆಯಿತು. ಮುದ್ರೆ ಇಟ್ಟಿದ್ದ ಡ್ರಾಯರಿನಲ್ಲಿ ಹೆಂಡತಿಯ ಮುತ್ತಿನ ಸರ ಹಾಗೇ ಇತ್ತು. ಮುದ್ರೆಗೆ ಹಚ್ಚುವ ಕೆಂಪು ಬಣ್ಣದ ಡಬ್ಬಿಯೂ ಇತ್ತು, ಮುಚ್ಚಳ ಬಿಗಿಯಾಗಿ ಮುಚ್ಚಿತ್ತು. ಅದನ್ನು ತಾವು ಮುಚ್ಚಿರಲಿಲ್ಲ ಎಂದರು ಪ್ರೊಫೆಸರ್. ಮುದ್ರೆ ತೆಗೆದವರಿಗೆ ಬಣ್ಣ ಒಣಗಬಾರದು ಎನ್ನುವ ಕಾಳಜಿ ಇತ್ತು. ಮೇಧಾ ಅದನ್ನು ಎರಡು ಸಲ ನೋಡಿದಳು.

"ಪ್ರೊಫೆಸರುಗಳ ಕುರ್ಚಿ ಜಗಳ," ಎಂದ ಜೊತೆಗಿದ್ದ ಆಫೀಸರ್ ಕೊವಾಲ್ಸ್ಕಿ.

"ಕುರ್ಚಿ ಬೇಕಾದವರು ಇವರನ್ನು ಬೇಗ ಕಳಿಸುತ್ತಾರೆ. ಇದು ಹೋಗಬಾರದು ಅನ್ನುವವರ ಕೆಲಸ," ಎಂದಳು ಮೇಧಾ.

ಮಂಗಳವಾರ ಮೂವರ ಹೇಳಿಕೆಗೆ ಹೊರಟರು. ಒಬ್ಬಳಿಗೆ ಡೆಸ್ ಪ್ಲೇನ್ಸ್‌ನಲ್ಲಿ ಕೆಲಸ ಸಿಕ್ಕಿತ್ತು. ಇನ್ನೊಬ್ಬ ನಿವೃತ್ತನಾಗುತ್ತಿದ್ದ. ಲ್ಯಾಬ್ ಮುಚ್ಚಿದರೆ ಇಬ್ಬರಿಗೂ ನಷ್ಟವಿರಲಿಲ್ಲ. ಉಳಿದವನು ಗದಗದ ವೀರೇಶ್.

ಸಂಜೆ 4.50. ಸ್ಕೋಕಿಯ ಎರಡನೇ ಮಹಡಿಯ ಅಪಾರ್ಟ್‌ಮೆಂಟ್. ಬಾಗಿಲು ತೆಗೆದದ್ದು ಅವನ ಹೆಂಡತಿ ಚೇತನಾ.

"ಶೂ ಬಿಚ್ಚಬೇಕಾ? ನನ್ನ ಸಾಕ್ಸ್ ತೂತು," ಎಂದು ಕೊವಾಲ್ಸ್ಕಿ ಬಾಗಿಲಲ್ಲೇ ನಿಂತ.

ಚೇತನಾ ಮೇಧಾಳ ಗುರುತಿನ ಚೀಟಿಯ ಹೆಸರು ಓದಿದಳು. "ಕನ್ನಡದವರೇನ್ರಿ? ಬರ್ರಿ ಅಕ್ಕಾರ, ಕೂಡ್ರಿ. ಅವರು ಆರಕ್ಕ ಬರ್ತಾರ."

ಗೋಡೆಗಳು ಬೋಳಾಗಿದ್ದವು. ಮದುವೆಯ ಫೋಟೊ ನೆಲದ ಮೇಲೆ ಗೋಡೆಗೆ ಒರಗಿತ್ತು.

"ಹೊಸದಾಗಿ ಬಂದಿದ್ದೀರಾ ಈ ಮನೆಗೆ?"

"ಹನ್ನೊಂದು ವರ್ಷ ಆತ್ರಿ. ಒಂದು ಮೊಳೆ ಹೊಡದಿಲ್ಲ. ನಾಳೆ ದೇಶ ಬಿಡ್ರಿ ಅಂದ್ರ ಕೀಳಬೇಕಲ್ಲ ಅಂತಾರ ನಮ್ಮವರು." ಅವಳು ನಕ್ಕಳು. ಮೇಧಾಳಿಗೆ ನಗು ಬರಲಿಲ್ಲ.

ಆರಕ್ಕೆ ಮತ್ತೆ ಬರುತ್ತೇನೆಂದು ಮೇಧಾ ಎದ್ದಳು.

"ಹಂಗ ಹೋಗಬ್ಯಾಡ್ರಿ ಅಕ್ಕಾರ. ಕುಂಕುಮ ಹಚ್ಚಿಗೊಂಡು ಹೋಗ್ರಿ. ಬರ್ರಿ, ದೇವರ ಜಗಲಿ ಇಲ್ಲೇ ಐತಿ."

ಬೇಡವೆನ್ನಲು ಆಗಲಿಲ್ಲ. ದೇವರ ಮುಂದೆ, ಎರಡು ದಾಸವಾಳದ ನಡುವೆ ಹಸಿರು ಕಲ್ಲು ನಿಂತಿತ್ತು. ಮೈಮೇಲೆ ಮೂರು ಗೆರೆ ವಿಭೂತಿ.

"ಇದು?"

"ಆಫೀಸಿಂದ ತಂದಾರ್ರಿ. ದೊಡ್ಡವರ ವಸ್ತು, ಎಲ್ಲೆಂದರಲ್ಲಿ ಇಡಬ್ಯಾಡ ಅಂದ್ರು. ನಾ ಪೂಜಿ ಮಾಡೀನಿ. ಯಾಕ್ರಿ?"

ಹಣೆಗೆ ಕುಂಕುಮ ಹಚ್ಚುತ್ತಿದ್ದ ಚೇತನಾಳ ಬೆರಳು ನಿಂತಿತು. ಮೇಧಾ ಫೋನಿನಲ್ಲಿ ಕಲ್ಲಿನ ಫೋಟೊ ತೆಗೆದಳು.

ಇಬ್ಬರೂ ಅಲ್ಲೇ ಕಾದರು. 5.55ಕ್ಕೆ ವೀರೇಶ್ ಬಂದ. ಸಮವಸ್ತ್ರದ ಕೊವಾಲ್ಸ್ಕಿಯನ್ನು, ಮೇಧಾಳ ಹಣೆಯನ್ನು, ಜಗಲಿಯನ್ನು ನೋಡಿದ. ಮೇಧಾ ಅವನ ಹಕ್ಕುಗಳನ್ನು ಎರಡು ಭಾಷೆಯಲ್ಲಿ ಓದಿ ಹೇಳಿದಳು. ಸುಮ್ಮನಿರಬಹುದು ಎನ್ನುವುದನ್ನು ಎರಡು ಸಲ ಹೇಳಿದಳು. ಅವನು ಸುಮ್ಮನಿರಲಿಲ್ಲ.

"ನಾನ ತಗೊಂಡೀನಿ. ಇಕಿಗೆ ಗೊತ್ತಿಲ್ಲ."

"ಯಾಕೆ?"

"ಕಾರ್ಡು ಬರೂದು ಇನ್ನೂ ದೂರ ಐತ್ರಿ. ನನ್ನ ಗ್ರೀನ್ ಕಾರ್ಡಿಗೆ ಯುನಿವರ್ಸಿಟಿಯವರು ಹಾಕಿದ ಅರ್ಜಿ ಮಂಜೂರಾಗಿ ನೂರಾ ಎಂಬತ್ತು ದಿನ ಆಗೂತನಕ ಲ್ಯಾಬ್ ಇರಬೇಕ್ರಿ. ಆಮೇಲೆ ಮುಚ್ಚಿದ್ರೂ ಅರ್ಜಿ ಉಳೀತದ. ಏಪ್ರಿಲ್ 2ಕ್ಕ ಮುಗೀತಿತ್ತು."

"ಅವರನ್ನೇ ಕೇಳಬಹುದಿತ್ತಲ್ಲ?"

"ಎರಡು ದಿನಕ್ಕಾಗಿ ನಿಮ್ಮ ನಿರ್ದೇಶಕಗಿರಿ ನಿಲ್ಲಸ್ರಿ ಅಂತ ಹೆಂಗ ಕೇಳಲಿ? ನಮ್ಮಪ್ಪ ತಾಲೂಕು ಆಫೀಸಿನ್ಯಾಗ ಗುಮಾಸ್ತ. ಮುದ್ರಿ ಇಲ್ಲದ ಕಾಗದ ಮೇಜು ದಾಟೂದಿಲ್ಲ ಅಂತಿದ್ದ." ಬ್ಯಾಗು ಕೆಳಗಿಟ್ಟು ಹೇಳಿದ: "ಅವರು ಈ ದೇಶಕ್ಕ ತಿರುಗಿ ಕೊಡಾಕತ್ತಿದ್ದು, ನಾ ಹನ್ನೊಂದು ವರ್ಷ ಕಾಯಾಕತ್ತಿದ್ದು ಒಂದ ವಸ್ತು ಅಲ್ಲೇನ್ರಿ ಮೇಡಂ?"

6.20ಕ್ಕೆ ಬಂಧನ. ಕಳ್ಳತನದ ಕೇಸು ವೀಸಾಕ್ಕೆ ಏನು ಮಾಡುತ್ತದೆಂದು ಅವನಿಗೂ ಗೊತ್ತಿತ್ತು, ಮೇಧಾಳಿಗೂ ಗೊತ್ತಿತ್ತು. ಚೇತನಾ ಅವನ ಜಾಕೆಟ್ಟಿನ ಜಿಪ್ ಎಳೆದು ಹಾಕಿದಳು.

ಬುಧವಾರ ಬೆಳಿಗ್ಗೆ ಸಾಕ್ಷ್ಯದ ಫೋಟೊಗಳಾದ ಮೇಲೆ ಮೇಧಾ ಮುದ್ರೆಯನ್ನು ಪ್ರೊಫೆಸರ್ ಕೈಗೆ ಕೊಟ್ಟಳು. ಅವರು ಬೆರಳಿಂದ ವಿಭೂತಿ ಒರೆಸಲು ಹೋಗಿ ಬಿಟ್ಟರು.

"ದೂರು ವಾಪಸ್ ತೆಗೆದುಕೊಳ್ಳಬಹುದೇ?"

"ನಿಮ್ಮ ಮಾತನ್ನು ದಾಖಲಿಸುತ್ತೇನೆ. ತೀರ್ಮಾನ ಸರ್ಕಾರಿ ವಕೀಲರದ್ದು."

ರಸೀದಿಯ ಕೆಳಗೆ ಅವರು ಪೆನ್ನಿನಿಂದ ಸಹಿ ಹಾಕಿದರು. ಹಾಕಿ, ತಲೆಯೆತ್ತದೆ ಹೇಳಿದರು.

"ತೈಪೆಯವರಿಗೂ ಇಷ್ಟೇ ಸಾಕಾಗಿತ್ತು. ಮುದ್ರೆ ಒತ್ತಬೇಕು ಅನ್ನುವುದು ನನ್ನ ಆಸೆ ಮಾತ್ರ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಸೋಮವಾರವೇ ಕಳಿಸಿಬಿಟ್ಟೆ."

ಅವರು ಹೋದ ಮೇಲೆ ಮೇಧಾ ವರದಿ ಮುಗಿಸಲು ಕುಳಿತಳು. ಕಾರಣ ಎಂಬ ಕಾಲಮ್ಮಿನಲ್ಲಿ ಮೊದಲು ಒಂದು ಪ್ಯಾರಾ ಬರೆದಳು, ಅಳಿಸಿದಳು. ಕ್ಯಾಲೆಂಡರಿನಲ್ಲಿ ಮಾರ್ಚ್ 31ರಿಂದ ಏಪ್ರಿಲ್ 2ರವರೆಗೆ ಬೆರಳಿಟ್ಟು ಎಣಿಸಿ, ಬರೆದಳು: ಎರಡು ದಿನ.